ಸೋಡಾದೊಳಗೆ ಅಡಗಿದ್ದ ಲೋಹ

2003ರಲ್ಲಿ ಬ್ರಿಟನ್ನಿನ ನಿಕೋಲಸ್ ಲೆಡ್‌ಬೀಟರ್ ಅವರ ತಂಡ ಪ್ರಕಟಿಸಿದ ಪ್ರಬಂಧವೊಂದು ರಸಾಯನ ವಿಜ್ಞಾನಿಗಳ ನಿದ್ದೆಗೆಡಿಸಿತು. ಪಲ್ಲಾಡಿಯಂ ಎಂಬ ಲೋಹ ಇಲ್ಲದೆಯೇ, ಕಾರ್ಬನ್‌ಗಳನ್ನು ಬೆಸೆಯುವ ಸುಜುಕಿ ಕ್ರಿಯೆ ನಡೆಯುತ್ತದೆ ಎಂದು ಅದು ಹೇಳಿತ್ತು. ನೀರು, ಸೋಡಿಯಂ ಕಾರ್ಬೊನೇಟ್ ಎಂಬ ಸೋಡಾ, ಮೈಕ್ರೋವೇವ್ ಬಿಸಿ ಇದ್ದರೆ ಸಾಕಂತೆ.

ಆ ಮಾತಿನ ತೂಕ ತಿಳಿಯಲು ಹಿಂದಕ್ಕೆ ಹೋಗಬೇಕು. ಔಷಧಗಳ ಎಲುಬುಗೂಡು ಕಾರ್ಬನ್ನಿನದು. ಆದರೆ ಎರಡು ಕಾರ್ಬನ್ ಪರಮಾಣುಗಳನ್ನು ನಮಗೆ ಬೇಕಾದ ಜಾಗದಲ್ಲೇ ಬೆಸೆಯುವುದು ಬಹುಕಾಲ ತಲೆನೋವಾಗಿತ್ತು. ಅಮೆರಿಕದ ಡೆಲಾವೇರ್‌ನಲ್ಲಿ ಹರ್ಕ್ಯುಲಿಸ್ ಕಂಪನಿಯಲ್ಲಿದ್ದ ರಿಚರ್ಡ್ ಹೆಕ್ 1968ರಲ್ಲಿ ಪಲ್ಲಾಡಿಯಂ ಬಳಸಿ ದಾರಿ ತೆರೆದರು. ಒಂದರ ಹಿಂದೊಂದು ಏಳು ಪ್ರಬಂಧ, ಏಳಕ್ಕೂ ಅವರೊಬ್ಬರೇ ಲೇಖಕರು. ಆದರೆ ಆ ವಿಧಾನಕ್ಕೆ ವಿಷಕಾರಿ ಪಾದರಸದ ಸಂಯುಕ್ತಗಳು ಬೇಕಿದ್ದವು. 1979ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಅಕಿರಾ ಸುಜುಕಿ ಮತ್ತು ನೊರಿಯೊ ಮಿಯೌರಾ ಪಲ್ಲಾಡಿಯಂ ಜೊತೆಗೆ ಬೋರಾನ್ ಹಿಡಿದರು; ಅದೇ ಸುಜುಕಿ ಕ್ರಿಯೆ. ಬೋರಾನ್ ಸಂಯುಕ್ತಗಳು ಸೌಮ್ಯ, ನೀರಿಗೂ ಗಾಳಿಗೂ ಅಷ್ಟಾಗಿ ಬೆದರುವುದಿಲ್ಲ. ಸುಜುಕಿ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಜಗತ್ತಿನ ಪ್ರಯೋಗಾಲಯಗಳಿಗೆ ಅವರು ಕೊಟ್ಟ ದೊಡ್ಡ ಕೊಡುಗೆ ಅದೇ ಎಂದು ನನ್ನ ಭಾವನೆ. ಪಲ್ಲಾಡಿಯಂ ಬೆಸುಗೆಗಾಗಿ 2010ರ ರಸಾಯನ ವಿಜ್ಞಾನದ ನೊಬೆಲ್ ಹೆಕ್, ಸುಜುಕಿ ಮತ್ತು ಇದೇ ದಾರಿಯಲ್ಲಿ ದುಡಿದ ಎಇಚಿ ನೆಗಿಶಿ ಅವರಿಗೆ ಸಂದಿತು.

ಒಳಗೆ ನಡೆಯುವುದು ಇಷ್ಟು. ಒಂದು ಅಣುವಿನ ಕಾರ್ಬನ್–ಬ್ರೋಮಿನ್ ಬಂಧವನ್ನು ಪಲ್ಲಾಡಿಯಂ ಬಿಡಿಸಿ ಎರಡನ್ನೂ ತನಗೆ ಅಂಟಿಸಿಕೊಳ್ಳುತ್ತದೆ. ಸೋಡಾದಂಥ ಕ್ಷಾರದ ನೆರವಿನಿಂದ ಬೋರಾನ್ ತನ್ನ ಕಾರ್ಬನ್ನನ್ನು ಅದಕ್ಕೆ ದಾಟಿಸುತ್ತದೆ. ಅಕ್ಕಪಕ್ಕ ಬಂದ ಕಾರ್ಬನ್‌ಗಳು ಕೂಡಿಕೊಳ್ಳುತ್ತಿದ್ದಂತೆ ಲೋಹ ಬಂದ ಹಾಗೆಯೇ ಹೊರಬಿದ್ದು ಮುಂದಿನ ಜೋಡಿಗೆ ಅಣಿಯಾಗುತ್ತದೆ. ರಕ್ತದೊತ್ತಡದ ಮಾತ್ರೆ ಲೋಸಾರ್ಟಾನ್ ತಯಾರಿಕೆಗೂ ಈ ಬೆಸುಗೆಯೇ ಆಧಾರ. ಆದರೆ ಲೋಹ ದುಬಾರಿ, ಮಾತ್ರೆಯಲ್ಲಿ ಉಳಿಯಲೂಬಾರದು: ಬಾಯಿಂದ ಸೇವಿಸುವ ಔಷಧದ ಮೂಲಕ ದಿನಕ್ಕೆ 100 ಮೈಕ್ರೋಗ್ರಾಂ ದಾಟುವಂತಿಲ್ಲ.

ಹಾಗಾಗಿ ಪಲ್ಲಾಡಿಯಂ ಬೇಡವೆಂದರೆ ಯಾರಿಗೆ ಖುಷಿಯಾಗದು? ಆದರೆ ಲೆಡ್‌ಬೀಟರ್ ತಂಡ ತನ್ನ ಫಲಿತಾಂಶವನ್ನು ತಾನೇ ಮತ್ತೆ ಜಾಲಾಡಿತು. 2005ರಲ್ಲಿ ಉತ್ತರ ಸಿಕ್ಕಿತು: ಅಂಗಡಿಯಿಂದ ತಂದ ಸೋಡಾದಲ್ಲೇ ಪಲ್ಲಾಡಿಯಂ ಇತ್ತು. ಶತಕೋಟಿಗೆ 50 ಪಾಲು, ಅಂದರೆ ಒಂದು ಟನ್ ಸೋಡಾದಲ್ಲಿ 50 ಮಿಲಿಗ್ರಾಂ. ತಮ್ಮ ಘೋಷಣೆಯನ್ನು ತಾವೇ ತಿದ್ದಿಕೊಂಡ ಆ ಪ್ರಬಂಧವನ್ನು ನಾನು ಮೊದಲನೆಯದಕ್ಕಿಂತ ಹೆಚ್ಚು ಗೌರವಿಸುತ್ತೇನೆ. ಇಷ್ಟು ಕಡಿಮೆ ಸಾಕಾದರೆ ನಾವೇಕೆ ಅಷ್ಟೊಂದು ಸುರಿಯುತ್ತಿದ್ದೇವೆ ಎಂಬ ಪ್ರಶ್ನೆಗೆ ಅದು ಬಲ ಕೊಟ್ಟಿತು.

ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಬ್ರೂಸ್ ಲಿಪ್‌ಶುಟ್ಜ್ ತಂಡ 2015ರಲ್ಲಿ ಕಲಬೆರಕೆಯನ್ನೇ ಕೆಲಸಕ್ಕೆ ಹಚ್ಚಿತು. ದಶಲಕ್ಷದ ಪಾಲುಗಳಲ್ಲಿ ಅಳೆಯುವಷ್ಟು ಅಲ್ಪ ಪಲ್ಲಾಡಿಯಂ ಸಹಜವಾಗಿ ಸೇರಿರುವ ಕಬ್ಬಿಣದ ಕ್ಲೋರೈಡಿನಿಂದ ನ್ಯಾನೋಕಣಗಳನ್ನು ಮಾಡಿ, ಸಾಬೂನಿನಂಥ ಅಣುಗಳನ್ನು ಬೆರೆಸಿದ ನೀರಿನಲ್ಲಿ, ಕೋಣೆಯ ಉಷ್ಣತೆಯಿಂದ 45 ಡಿಗ್ರಿಯೊಳಗೆ ಸುಜುಕಿ ಕ್ರಿಯೆ ನಡೆಸಿತು.

2021ರಲ್ಲಿ ಮತ್ತೊಂದು ತಂಡ, ಸುಜುಕಿ ಕ್ರಿಯೆಗೆ ಲೋಹವೇ ಇಲ್ಲದ ವೇಗವರ್ಧಕ, ಅಮೀನ್ ಎಂಬ ಸಾವಯವ ಸಂಯುಕ್ತ, ಸಿಕ್ಕಿದೆ ಎಂದಿತು. ಬೇರೆ ಪ್ರಯೋಗಾಲಯಗಳು ಪರೀಕ್ಷಿಸಿದವು. ಅದೇ ವರ್ಷದ ಕೊನೆಯಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು. ಆ ಅಮೀನನ್ನು ತಯಾರಿಸಿದ್ದೇ ಪಲ್ಲಾಡಿಯಂ ಬಳಸಿದ ಸುಜುಕಿ ಕ್ರಿಯೆಯಿಂದ. ಶುದ್ಧೀಕರಿಸಿದ ಮೇಲೂ ಲೋಹದ ಅಂಶ ಅದರೊಳಗೆ ಉಳಿದುಕೊಂಡಿತ್ತು.