ಆಂಟಿ-ಲಾಕ್ ಬ್ರೇಕ್ ದೋಷ: ವಾಹನ ಮಾಲೀಕರಿಗೆ ಮಾಹಿತಿ

ಹಠಾತ್ತನೆ ಬ್ರೇಕ್ ಹಾಕಿದಾಗ ಚಕ್ರಗಳು ಸ್ತಂಭಿಸಿ ವಾಹನವು ಜಾರದಂತೆ ತಡೆಯುವುದು ಆಂಟಿ-ಲಾಕ್ ಬ್ರೇಕ್ ವ್ಯವಸ್ಥೆಯ (ಎಬಿಎಸ್) ಉದ್ದೇಶವಾಗಿರುತ್ತದೆ. ಅದು ಕಾರ್ಯನಿರ್ವಹಿಸುವಾಗ ಕಾರಿನ ಬ್ರೇಕ್ ಪೆಡಲ್ ಕಂಪಿಸುವುದು ಸಹಜ, ಅದು ದೋಷವಲ್ಲ.

ವಾಹನವು ಚಲಿಸಲಾರಂಭಿಸಿದ ನಂತರವೂ ಎಬಿಎಸ್ ಎಚ್ಚರಿಕೆ ದೀಪವು ಉರಿಯುತ್ತಿದ್ದಲ್ಲಿ ದೋಷವಿರುವ ಸಂಭವವಿದೆ. ಸಾಮಾನ್ಯ ಬ್ರೇಕ್ ಕೆಲಸ ಮಾಡಿದರೂ ಒದ್ದೆ ರಸ್ತೆಯಲ್ಲಿ ನಿಯಂತ್ರಣ ತಪ್ಪಬಹುದು. ಕೆಂಪು ಬ್ರೇಕ್ ದೀಪವೂ ಉರಿದಲ್ಲಿ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸತಕ್ಕದ್ದು.

ಮೋಟಾರು ವಾಹನಗಳ ಕಾಯ್ದೆ, 1988ರ 110ಎ ಪ್ರಕರಣದ ಮೇರೆಗೆ, ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಪಡೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಸಂಬಂಧಿತ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ತಯಾರಾಗಿ ಏಳು ವರ್ಷ ಮೀರದ ವಾಹನಗಳಿಗೆ ಅನ್ವಯಿಸುತ್ತವೆ. ಮಾಲೀಕರು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದಾಗಿದೆ. ಒಂದೇ ಮಾದರಿಯ ಎಷ್ಟು ವಾಹನಗಳ ಬಗ್ಗೆ ದೂರು ಬಂದಿದೆ ಎಂಬುದನ್ನು ಪರಿಗಣಿಸುವುದರಿಂದ, ದೋಷವನ್ನು ದುರಸ್ತಿ ಮಾಡಿಸಿಕೊಂಡು ಸುಮ್ಮನಾಗದೆ ದಾಖಲಿಸುವುದು ಇತರರ ಸುರಕ್ಷತೆಗೂ ಅವಶ್ಯ.

ದೋಷ ಕಂಡ ದಿನಾಂಕ, ಓಡಿದ ಕಿಲೋಮೀಟರ್, ಚಾಸಿಸ್ ಸಂಖ್ಯೆ ಹಾಗೂ ಸರ್ವಿಸ್ ಕೇಂದ್ರದ ಜಾಬ್ ಕಾರ್ಡ್ ಪ್ರತಿಗಳನ್ನು ಇಟ್ಟುಕೊಳ್ಳುವುದು ಸೂಕ್ತ. ವಾರಂಟಿ ಅಥವಾ ದುರಸ್ತಿ ವೆಚ್ಚದ ತಕರಾರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.