ಕೊಳೆಯೋದು ಬೇರೆ, ಗೊಬ್ಬರ ಆಗೋದು ಬೇರೆ: ಮಕ್ಕಳ ಜೊತೆ ಎರಡು ಬಾಟಲ್ ಪ್ರಯೋಗ

ಇವತ್ತು ಒಂದು ಚಿಕ್ಕ ಪ್ರಶ್ನೆ. ಬಾಳೆಹಣ್ಣಿನ ಸಿಪ್ಪೆಯನ್ನ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ನಾಲ್ಕು ದಿನಕ್ಕೆ ಗಬ್ಬು ನಾರುತ್ತೆ. ಅದೇ ಸಿಪ್ಪೆ ಮರದ ಕೆಳಗೆ ತರಗೆಲೆ ಮಧ್ಯೆ ಬಿದ್ದರೆ ಸದ್ದಿಲ್ಲದೆ ಮಣ್ಣಾಗುತ್ತೆ. ಯಾಕೆ?

ಉತ್ತರ ಒಂದೇ ಪದ: ಗಾಳಿ. ಇದನ್ನ ಮಕ್ಕಳಿಗೆ ಬಾಯಲ್ಲಿ ಹೇಳಿದರೆ ಮರೆತುಬಿಡ್ತಾರೆ, ಮೂಗಿಗೆ ಗೊತ್ತಾದರೆ ಮರೆಯಲ್ಲ. ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಕ್ಕಳು ಯಾರಿದ್ದರೂ ಸರಿ, ಈ ಭಾನುವಾರ ಕೂರಿಸ್ಕೊಳ್ಳಿ.

2 ಲೀಟರಿನ ಎರಡು ಖಾಲಿ ಬಾಟಲ್ ತಗೊಳ್ಳಿ. ಕತ್ತಿನ ಭಾಗ ಕತ್ತರಿಸೋ ಕೆಲಸ ದೊಡ್ಡವರದ್ದು. ಮೊದಲನೆಯದಕ್ಕೆ ತಳದಲ್ಲಿ, ಸುತ್ತಲೂ ತೂತು ಮಾಡಿ. ಕೆಳಗೆ ತರಗೆಲೆ, ಮೇಲೆ ಒಂದು ಹಿಡಿ ತರಕಾರಿ ಸಿಪ್ಪೆ, ಅದರ ಮೇಲೆ ಎರಡು ಹಿಡಿ ತರಗೆಲೆ, ಸ್ವಲ್ಪ ತೋಟದ ಮಣ್ಣು. ಹೀಗೇ ಪದರ ಪದರವಾಗಿ ತುಂಬಿ, ಹಳೆ ಬಟ್ಟೆ ಮುಚ್ಚಿ. ಎರಡನೆಯದಕ್ಕೆ ತೂತು ಬೇಡ. ಬರೀ ಸಿಪ್ಪೆ ಒತ್ತಿ ತುಂಬಿ, ಸ್ವಲ್ಪ ನೀರು ಹಾಕಿ, ಮೇಲೊಂದು ತಟ್ಟೆ ಮುಚ್ಚಿಡಿ. ಬಿಗಿಯಾಗಿ ಸೀಲ್ ಮಾಡ್ಬೇಡಿ, ಒಳಗೆ ಗ್ಯಾಸ್ ಆಗುತ್ತೆ. ಎರಡನ್ನೂ ಬಾಲ್ಕನಿಯ ನೆರಳಲ್ಲಿಡಿ. ಅನ್ನ-ಸಾರು, ಎಣ್ಣೆ ಪದಾರ್ಥ, ಮಾಂಸ ಮಾತ್ರ ಹಾಕ್ಬೇಡಿ.

ಮೂರು ದಿನಕ್ಕೊಮ್ಮೆ ಮೊದಲನೇ ಬಾಟಲನ್ನ ಮಕ್ಕಳೇ ಕಡ್ಡಿಯಿಂದ ಕೆದಕಲಿ. ಒಳಗಿನದ್ದು ಹಿಂಡಿ ಒಣಹಾಕೋ ಬಟ್ಟೆಯಷ್ಟು ಒದ್ದೆ ಇರ್ಬೇಕು. ನೀರು ಜಾಸ್ತಿ ಅನ್ಸಿದ್ರೆ ತರಗೆಲೆ ಸೇರಿಸಿ, ಒಣಗಿದ್ರೆ ನೀರು ಚಿಮುಕಿಸಿ.

ಹತ್ತು ದಿನ ಆದ್ಮೇಲೆ ಎರಡನ್ನೂ ತೆರೆಯಿರಿ. ಮೂಗು ಹತ್ತಿರ ತರೋದು ಬೇಡ, ಕೈಯಿಂದ ಬೀಸಿಕೊಂಡರೆ ಸಾಕು. ಯಾವುದು ನಾರುತ್ತೆ ಅಂತ ಮಕ್ಕಳೇ ಹೇಳ್ತಾರೆ!

ಆಗ ಕಾರಣ ಹೇಳಿ. ಗಾಳಿ ಸಿಕ್ಕಾಗ ಆಮ್ಲಜನಕ ಬಳಸೋ ಸೂಕ್ಷ್ಮಜೀವಿಗಳು ಸಿಪ್ಪೆ ತಿಂದು ಗೊಬ್ಬರ ಮಾಡ್ತವೆ. ಗಾಳಿ ಸಿಗದಿದ್ರೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡಿ ದುರ್ನಾತದ ಅನಿಲ, ಹುಳಿ ನೀರು ಬಿಡ್ತವೆ. ತರಗೆಲೆ ಇಲ್ಲಿ ಎರಡು ಕೆಲಸ ಮಾಡುತ್ತೆ: ಗಾಳಿಗೆ ಜಾಗ ಬಿಡುತ್ತೆ, ಸೂಕ್ಷ್ಮಜೀವಿಗಳಿಗೆ ಇಂಗಾಲ ಕೊಡುತ್ತೆ.

ಈ ಎರಡನೇ ಬಾಟಲ್ ಇದೆಯಲ್ಲ, ಅದನ್ನೇ ಬೆಟ್ಟದಷ್ಟು ದೊಡ್ಡದು ಮಾಡಿ ನೋಡಿ. ಬೆಂಗಳೂರಿನ ಕಸ ವರ್ಷಗಟ್ಟಲೆ ಹೊರವಲಯದ ಮಂಡೂರಿಗೆ ಹೋಗ್ತಿತ್ತು. ಹಸಿ, ಒಣ ಎಲ್ಲಾ ಬೆರೆತು ರಾಶಿ ಬಿತ್ತು. 2014ರಲ್ಲಿ ಅಲ್ಲಿನ ಜನ ಸಾಕಪ್ಪಾ ಅಂತ ಬೀದಿಗಿಳಿದರು. ನಮ್ಮ ಅಡುಗೆಮನೆಯ ಸಿಪ್ಪೆ ಇನ್ನೊಬ್ಬರ ಊರಿನ ನಾತ ಆಗಿತ್ತು.

ಎರಡು-ಮೂರು ತಿಂಗಳಲ್ಲಿ ಮೊದಲನೇ ಬಾಟಲಿನದ್ದು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ಘಮದ ಹಾಗಾಗುತ್ತೆ. ಎರಡನೆಯದನ್ನ ತರಗೆಲೆ ಜೊತೆ ಬೆರೆಸಿ, ಅದಕ್ಕೂ ಗಾಳಿ ಕೊಡಿ. ಅದೂ ಸರಿಹೋಗುತ್ತೆ.

ರೆಡಿಯಾದ ಗೊಬ್ಬರವನ್ನ ಮಣ್ಣಿಗೆ ಬೆರೆಸಿ, ಮಕ್ಕಳ ಕೈಯಲ್ಲಿ ಒಂದಿಷ್ಟು ಮೆಂತ್ಯ ಕಾಳು ಹಾಕಿಸಿ. ಒಂದು ವಾರದೊಳಗೆ ಮೊಳಕೆ ಕಾಣುತ್ತೆ. ಆಮೇಲೆ ಹಸಿ ಕಸ ಬೇರೆ ಇಡಿ ಅಂತ ನೀವು ಹೇಳೋದೇ ಬೇಡ, ಅವರೇ ನಿಮಗೆ ಹೇಳ್ತಾರೆ.