ಶೋಕೇಸಿನ ಡಬ್ಬಿಯಲ್ಲಿ ಉಳಿದ ಮಾತ್ರೆ: ಇಟ್ಟುಕೊಳ್ಳೋದೂ ಕಷ್ಟ, ಎಸೆಯೋದೂ ಕಷ್ಟ

ಅಜ್ಜ ತೀರಿಕೊಂಡು ಕಾರ್ಯ ಎಲ್ಲ ಮುಗಿದ ಮೇಲೆ ಅವರ ಮಂಚದ ಪಕ್ಕದಲ್ಲಿದ್ದ ಬಿಸ್ಕೆಟ್ ಡಬ್ಬಿ ತೆಗೆದ್ವಿ. ಶುಗರ್ ಮಾತ್ರೆ ಎರಡು ಸ್ಟ್ರಿಪ್, ಬಿಪಿದು ಒಂದೂವರೆ, ಅರ್ಧ ಬಾಟಲ್ ಕೆಮ್ಮಿನ ಸಿರಪ್, ಯಾವ ಕಾಲದ್ದೋ ಕಣ್ಣಿನ ಡ್ರಾಪ್ಸ್, ಕೊನೇ ತಿಂಗಳಲ್ಲಿ ನೋವಿಗೆ ಬರೆದುಕೊಟ್ಟಿದ್ದ ಟ್ರಮಡಾಲ್, ಇನ್ಸುಲಿನ್ ಪೆನ್ನು, ಒಂದಷ್ಟು ಸೂಜಿ. "ದುಡ್ಡು ಕೊಟ್ಟು ತಂದಿದ್ದು, ಬಿಸಾಕೋದು ಹೆಂಗೆ? ಯಾರಿಗಾದ್ರೂ ಆಗತ್ತೆ ಬಿಡು" ಅಂತ ಚಿಕ್ಕಮ್ಮ ಡಬ್ಬಿ ಮುಚ್ಚಿ ಶೋಕೇಸಿನ ಮೇಲಿಟ್ಟರು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದ್ದೇ ಇರತ್ತೆ.

ಕೆರೆ ನೀರು, ಮಣ್ಣು ಹಾಳಾಗುವ ಮಾತು ಆಮೇಲೆ. ಮೊದಲ ಅಪಾಯ ಮನೆಯೊಳಗೇ ಇದೆ. ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ಒಂದೇ ಒಂದನ್ನು ಸಣ್ಣ ಮಗು ನುಂಗಿದರೂ ರಕ್ತದ ಸಕ್ಕರೆ ಅಂಶ ಜೀವಕ್ಕೆ ಅಪಾಯವಾಗುವಷ್ಟು ಇಳಿಯಬಹುದು. ಇಳಿಯೋದು ಕೆಲವು ಗಂಟೆ ತಡವಾಗಿಯೂ ಇರಬಹುದು. ಹಾಗಾಗಿ ಮಗು ಆಟ ಆಡ್ತಾ ಇದೆ, ಏನೂ ಆಗಿಲ್ಲ ಅಂತ ಸುಮ್ಮನೆ ಕೂರಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೂ ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಆ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಏನು ನುಂಗಿದೆ ಅಂತ ಡಾಕ್ಟರಿಗೆ ಗೊತ್ತಾಗೋದು ಅದರಿಂದಲೇ.

ವಯಸ್ಸಾದವರ ಕಥೆ ಬೇರೆ. ಒಂದೇ ಔಷಧಿಗೆ ಹತ್ತು ಕಂಪನಿ, ಹತ್ತು ಹೆಸರು. ಡಾಕ್ಟರು ಬ್ರ್ಯಾಂಡ್ ಬದಲಿಸಿದಾಗ ಹಳೇ ಸ್ಟ್ರಿಪ್ ಡಬ್ಬಿಯಲ್ಲೇ ಉಳಿದಿದ್ದರೆ ಎರಡನ್ನೂ ನುಂಗುವವರಿದ್ದಾರೆ. ಇನ್ನು ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ಅದನ್ನು ಡಾಕ್ಟರ ಚೀಟಿ ಇಲ್ಲದೆ ತಗೋಬಾರದು ಅಂತ ಅರ್ಥ. ಆ್ಯಂಟಿಬಯಾಟಿಕ್‌ಗಳ ಮೇಲೆ ಈ ಗೆರೆ ಇರತ್ತೆ. ಜ್ವರ ಬಿಟ್ಟ ಕೂಡಲೇ ಕೋರ್ಸ್ ನಿಲ್ಲಿಸಿ, ಉಳಿದ ನಾಲ್ಕನ್ನು ಪಕ್ಕದ ಮನೆಯವರಿಗೆ ಕೊಡುವ ನಮ್ಮ ಧಾರಾಳತನ ಇದೆಯಲ್ಲ, ಅದು ಉಪಕಾರ ಅಲ್ಲ. ಅರೆಬರೆ ಡೋಸಿಗೆ ರೋಗಾಣು ಸಾಯಲ್ಲ, ಔಷಧಿಯನ್ನೇ ತಡೆದುಕೊಳ್ಳೋದು ಕಲಿಯತ್ತೆ.

ಎಕ್ಸ್‌ಪೈರಿ ಲೆಕ್ಕ ಹೀಗೆ: ತಿಂಗಳು, ವರ್ಷ ಮಾತ್ರ ಬರೆದಿದ್ದರೆ ಆ ತಿಂಗಳ ಕೊನೇ ದಿನದವರೆಗೆ ಬಳಸಬಹುದು. ಆದರೆ ಬಾಟಲ್ ಒಮ್ಮೆ ತೆರೆದರೆ ಈ ಲೆಕ್ಕ ನಡೆಯಲ್ಲ. ಕಣ್ಣಿನ ಡ್ರಾಪ್ಸ್ ತೆರೆದು ಸುಮಾರು ಒಂದು ತಿಂಗಳಿಗೆ ಬಿಸಾಕಬೇಕು. ಮಕ್ಕಳಿಗೆ ನೀರು ಬೆರೆಸಿ ಕೊಡುವ ಆ್ಯಂಟಿಬಯಾಟಿಕ್ ಸಿರಪ್ ಸಾಮಾನ್ಯವಾಗಿ ಒಂದು ವಾರ. ಬಳಸುತ್ತಿರುವ ಇನ್ಸುಲಿನ್ ಹೆಚ್ಚಿನವು ನಾಲ್ಕು ವಾರ. ಲೇಬಲ್ ನೋಡಿಕೊಳ್ಳಿ.

ಸುಡಬೇಡಿ, ತಿಪ್ಪೆಗೂ ಹಾಕಬೇಡಿ

ಸರಿ, ಬಿಸಾಕೋದು ಎಲ್ಲಿ? ನಮ್ಮ ಕಡೆ ಸುಲಭದ ದಾರಿ ಅಂದ್ರೆ ಒಣಗಿದ ಎಲೆ ಜೊತೆ ಸೇರಿಸಿ ಕಡ್ಡಿ ಗೀರೋದು. ಮಾತ್ರೆಯ ಪ್ಲಾಸ್ಟಿಕ್ ಸ್ಟ್ರಿಪ್ ಎಷ್ಟೋ ಸಲ ಪಿವಿಸಿ ಆಗಿರತ್ತೆ, ಸುಟ್ಟರೆ ಡಯಾಕ್ಸಿನ್ ಥರದ ವಿಷದ ಹೊಗೆ. ಆಸ್ತಮಾ ಇನ್‌ಹೇಲರ್ ಬೆಂಕಿಗೆ ಬಿದ್ದರೆ ಸಿಡಿಯತ್ತೆ. ತಿಪ್ಪೆಗೆ ಹಾಕಿದರೆ ದನ, ನಾಯಿ ಬಾಯಿ ಹಾಕತ್ತೆ, ಉಳಿದಿದ್ದು ಗೊಬ್ಬರದ ಜೊತೆ ಹೊಲಕ್ಕೆ. ಚರಂಡಿಗೆ ಸುರಿದಿದ್ದು ಮಳೆ ಬಂದಾಗ ಕೆರೆಗೇ ಹೋಗೋದು. ಟಾಯ್ಲೆಟ್ಟಿಗೆ ಹಾಕಿ ನೀರು ಬಿಡೋಣ ಅಂದ್ರೆ, ಹಳ್ಳಿ ಮನೆಗಳಲ್ಲಿ ಅದು ಇಂಗೋದು ಗುಂಡಿಗೆ. ಬೋರ್‌ವೆಲ್ ಎಷ್ಟು ದೂರ ಇದೆ ಅಂತ ನೀವೇ ಅಳತೆ ಹಾಕಿ.

ವಾಪಸ್ ತಗೊಳ್ಳುವ ವ್ಯವಸ್ಥೆ ಇಲ್ಲದ ಊರಲ್ಲಿ ಮನೆಮಟ್ಟಕ್ಕೆ ಮಾಡಬಹುದಾದ್ದು ಇಷ್ಟು. ಮಾತ್ರೆ, ಕ್ಯಾಪ್ಸುಲ್‌ಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ. ಕುಟ್ಟಿ ಪುಡಿ ಮಾಡಬೇಡಿ, ಧೂಳು ಮೂಗಿಗೆ ಹೋಗತ್ತೆ. ಒಂದು ಹಳೇ ಡಬ್ಬದಲ್ಲಿ ಕುದಿಸಿ ಬಿಟ್ಟ ಟೀ ಚರಟ, ಕಾಫಿ ಗಷ್ಟು ಅಥವಾ ಮಣ್ಣಿನ ಜೊತೆ ಕಲಸಿ. ಸಿರಪ್ಪನ್ನೂ ಅದರ ಮೇಲೇ ಸುರಿಯಿರಿ. ಮಗುವಾಗಲಿ, ನಾಯಿಯಾಗಲಿ, ಕಸದಲ್ಲಿ ಹುಡುಕುವವರಾಗಲಿ ಬಾಯಿಗೆ ಹಾಕಿಕೊಳ್ಳಬಾರದು, ಅದಕ್ಕೇ ಈ ಕಲಬೆರಕೆ. ಮುಚ್ಚಳ ಬಿಗಿ ಮಾಡಿ, ಟೇಪ್ ಸುತ್ತಿ, ಮೇಲೆ 'ಹಳೇ ಔಷಧಿ' ಅಂತ ಬರೆದು ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ. ಲೇಬಲ್ ಮೇಲೆ ನಿಮ್ಮ ಹೆಸರಿದ್ದರೆ ಹರಿದುಬಿಡಿ. ಖಾಲಿ ಸ್ಟ್ರಿಪ್ ಒಣಕಸಕ್ಕೆ.

ಬೇರೆಯಾಗಿ ಕೊಡಿ ಅನ್ನೋದಕ್ಕೆ ಕಾರಣ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಎಕ್ಸ್‌ಪೈರಿ ಆದ ಔಷಧಿ, ಸೂಜಿ, ಒಡೆದ ಪಾದರಸದ ಥರ್ಮಾಮೀಟರ್ ಇವನ್ನೆಲ್ಲ ಮನೆಯ ಅಪಾಯಕಾರಿ ಕಸ ಅಂತ ಪಟ್ಟಿ ಮಾಡಿದ್ದವು. ಪಂಚಾಯಿತಿಗಳ ಸ್ವಚ್ಛ ವಾಹಿನಿಯಲ್ಲಿ ಬರೋದು ನಮ್ಮೂರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಒಣಕಸದ ಚೀಲಕ್ಕೆ ಕೈ ಹಾಕಿ ಬಿಡಿಸುವವರಿಗೆ ಇನ್ಸುಲಿನ್ ಸೂಜಿ ಚುಚ್ಚಿದರೆ ಹೆಪಟೈಟಿಸ್, ಎಚ್‌ಐವಿ ಭಯದಲ್ಲಿ ತಿಂಗಳುಗಟ್ಟಲೆ ಪರೀಕ್ಷೆಗೆ ಅಲೆಯಬೇಕು. ಸೂಜಿಯನ್ನು ಫಿನಾಯಿಲ್ ಬಾಟಲಿಯಂಥ ಗಟ್ಟಿ ಪ್ಲಾಸ್ಟಿಕ್‌ನೊಳಗೆ ಹಾಕಿ ಮುಚ್ಚಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನು ಕೇಳಿ. ಸೂಜಿ ಹಾಕುವ ಬಿಳಿ ಡಬ್ಬಿ ಅಲ್ಲಿರತ್ತೆ.

ಇದಕ್ಕೊಂದು ಅಪವಾದ ಉಂಟು. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 17 ಔಷಧಿಗಳ ಪಟ್ಟಿ ಇದೆ: ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟ್ಯಾಪೆಂಟಡಾಲ್, ಡಯಾಜೆಪಾಮ್ ಮುಂತಾದವು. ಬೇರೆಯವರ ಬಾಯಿಗೆ ಬಿದ್ದರೆ ಒಂದೇ ಡೋಸಿಗೆ ಪ್ರಾಣ ಹೋಗಬಹುದಾದ, ಚಟಕ್ಕೂ ಬಳಸುವ ಔಷಧಿಗಳಿವು. ಇವನ್ನು ಮಾತ್ರ ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಿ ಅನ್ನತ್ತೆ ಅದು. ನೀರಿಗೆ ಆಗುವ ಹಾನಿಗಿಂತ ಮನೆಯಲ್ಲಿ ಉಳಿಯುವ ಅಪಾಯ ದೊಡ್ಡದು ಅನ್ನೋ ಲೆಕ್ಕ. ಕ್ಯಾನ್ಸರ್ ನೋವಿಗೆ ಕೊಟ್ಟ ಮಾರ್ಫಿನ್ ಜಾಸ್ತಿ ಉಳಿದಿದ್ದರೆ, ಅಥವಾ ಕೀಮೋ ಮಾತ್ರೆ ಇದ್ದರೆ, ಕೊಟ್ಟ ಆಸ್ಪತ್ರೆಯನ್ನೇ ಮೊದಲು ವಿಚಾರಿಸಿ. ಕೀಮೋ ಮಾತ್ರೆಯನ್ನು ಬರಿಗೈಲಿ ಮುಟ್ಟಬೇಡಿ, ನೀರಿಗೂ ಬಿಡಬೇಡಿ.

ಮೆಡಿಕಲ್‌ ಶಾಪಿನವರು ವಾಪಸ್ ಯಾಕೆ ತಗೊಳ್ಳಲ್ಲ?

ಅವರನ್ನು ಬೈದು ಪ್ರಯೋಜನ ಇಲ್ಲ. ಅಂಗಡಿಯ ಸ್ವಂತ ಸ್ಟಾಕ್ ಎಕ್ಸ್‌ಪೈರಿ ಆದರೆ 'ಮಾರಾಟಕ್ಕಲ್ಲ' ಅಂತ ಬರೆದ ಬೇರೆ ಡಬ್ಬದಲ್ಲಿಟ್ಟು ಕಂಪನಿಗೆ ಹಿಂದಿರುಗಿಸೋಕೆ ನಿಯಮ ಇದೆ. ನೀವು ಅರ್ಧ ಕತ್ತರಿಸಿ ತಂದ ಸ್ಟ್ರಿಪ್‌ಗೆ ಆ ಲೆಕ್ಕದಲ್ಲಿ ಜಾಗ ಇಲ್ಲ. ನಿಮ್ಮ ಮನೆಯ ಶೀಟಿನ ಕೆಳಗೆ ಎಷ್ಟು ಬಿಸಿಯಲ್ಲಿತ್ತೋ ಯಾರಿಗೆ ಗೊತ್ತು? ಅದನ್ನು ಇನ್ನೊಬ್ಬರಿಗೆ ಮಾರೋದಂತೂ ಆಗದ ಮಾತು. ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಯಿಕ್ಕೋಡ್‌ನಲ್ಲಿ 'ಎನ್-ಪ್ರೌಡ್' ಅಂತ ಶುರು ಮಾಡಿತು. ಜನರಿಂದ ಹಳೇ ಔಷಧಿ ಸಂಗ್ರಹಿಸಿ ಒಟ್ಟಿಗೆ ವಿಲೇವಾರಿಗೆ ಕಳಿಸುವ ಯೋಜನೆ ಅದು. ತಾಲೂಕು ಕೇಂದ್ರಕ್ಕೆ ಒಂದು ಡಬ್ಬಿ ಇಡಿಸೋದು ಪುರಸಭೆಗೂ ಔಷಧ ವ್ಯಾಪಾರಿಗಳ ಸಂಘಕ್ಕೂ ಭಾರ ಆಗಲಾರದು. ವಾರ್ಡ್ ಸದಸ್ಯರು ಸಿಕ್ಕಾಗ ಕೇಳಿ.

ಅಂಗಡಿಯವರು ಇವತ್ತೇ ಮಾಡಬಹುದಾದ್ದೊಂದಿದೆ. ಐದು ದಿನಕ್ಕೆ ಬರೆದಿದ್ದರೆ ಐದೇ ದಿನದ್ದು ಕತ್ತರಿಸಿ ಕೊಡಿ. ಪೂರ್ತಿ ಸ್ಟ್ರಿಪ್ ತಗೊಂಡ ಗಿರಾಕಿಗೆ, ಎಕ್ಸ್‌ಪೈರಿ ಬರೆದ ತುದಿಯ ಮಾತ್ರೆ ಕೊನೆಗೆ ತೆಗೆಯಿರಿ ಅಂತ ಹೇಳಿ ಕಳಿಸಿ.

ಹಸು ಸಾಕಿದವರಿಗೆ ಇನ್ನೊಂದು ಮಾತು. ಮನೆಯಲ್ಲಿ ಉಳಿದ ಡೈಕ್ಲೋಫೆನಾಕ್ ದನಕ್ಕೆ ಕೊಡಬೇಡಿ. ಆ ಔಷಧಿ ಮೈಯಲ್ಲಿರುವ ದನದ ಹೆಣ ತಿಂದು ರಣಹದ್ದುಗಳು ಸಾಯುತ್ತಿದ್ದವು. ಅದಕ್ಕೇ 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದ್ದು. ಮನುಷ್ಯರಿಗೆ ಅಂತ ಬರುವ ದೊಡ್ಡ ಇಂಜೆಕ್ಷನ್ ಬಾಟಲಿಗಳನ್ನು ದನಕ್ಕೆ ಬಳಸೋದು ನಿಲ್ಲಲಿಲ್ಲ ಅಂತ 2015ರಲ್ಲಿ ಅವನ್ನೂ 3 ಮಿಲಿಗೆ ಇಳಿಸಿದರು.

ಅಜ್ಜನ ಡಬ್ಬಿಯನ್ನು ಮೊನ್ನೆ ಭಾನುವಾರ ಮತ್ತೆ ಕೆಳಗಿಳಿಸಿದ್ವಿ. ಬಿಡಿಸಿ ಮಣ್ಣಲ್ಲಿ ಕಲಸೋಕೆ ಇಪ್ಪತ್ತು ನಿಮಿಷ ಹಿಡಿಯಿತು. ಟ್ರಮಡಾಲ್ ಉಳಿದಿದ್ದು ಆರೇ ಮಾತ್ರೆ, ಅದು ಟಾಯ್ಲೆಟ್ಟಿಗೆ ಹೋಯಿತು. ಚಿಕ್ಕಮ್ಮ ಸ್ಟ್ರಿಪ್‌ಗಳ ಮೇಲಿನ ರೇಟು ಒಂದೊಂದಾಗಿ ಓದ್ತಾ, ಕೂಡಿಸ್ತಾ ಕೂತಿದ್ದರು. ಡಬ್ಬಿ ತೊಳೆದು ಒಣಗಿಸಿದ್ದಾರೆ, ಈಗ ಅದರಲ್ಲಿ ಚಕ್ಕುಲಿ ಇದೆ.